ಕಿಲ್ ಬಿಲ್

ಕಿಲ್ ಬಿಲ್ ಅಮೆರಿಕದ ಕ್ವೆಂಟಿನ್ ಟ್ಯಾರಂಟಿನೊ ಬರೆದು ನಿರ್ದೇಶಿಸಿದ, ಸಮರಕಲೆಯನ್ನು ಆಧರಿಸಿದ ಸೇಡಿನ ಕಥೆಯ ಚಲನಚಿತ್ರ. ಒಂದೇ ಚಿತ್ರವೆಂದು ಯೋಜಿಸಿ ಚಿತ್ರೀಕರಿಸಿದ ಇದು ಎರಡು ಸಂಪುಟಗಳಾಗಿ ತೆರೆಗೆ ಬಂತು. ಮೊದಲ ಸಂಪುಟ 2003ರ ಅಕ್ಟೋಬರ್ 10ರಂದು, ಎರಡನೆಯದು 2004ರ ಏಪ್ರಿಲ್ 16ರಂದು ಅಮೆರಿಕದಲ್ಲಿ ಬಿಡುಗಡೆಯಾದವು. ಮದುವೆಯ ತಾಲೀಮಿನ ದಿನವೇ ತನ್ನ ತಲೆಗೆ ಗುಂಡಿಟ್ಟ ಹಳೆಯ ಒಡನಾಡಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲಹೊರಡುವ ಹೆಣ್ಣೊಬ್ಬಳ ಕಥೆ ಇದರ ವಸ್ತು. ಉಮಾ ಥರ್ಮನ್ ಮುಖ್ಯ ಪಾತ್ರದಲ್ಲಿಯೂ ಡೇವಿಡ್ ಕ್ಯಾರಡೀನ್ ಬಿಲ್ ಪಾತ್ರದಲ್ಲಿಯೂ ನಟಿಸಿದ್ದಾರೆ. ಲಾರೆನ್ಸ್ ಬೆಂಡರ್ ನಿರ್ಮಾಪಕ; ಮಿರಾಮ್ಯಾಕ್ಸ್ ವಿತರಕ ಸಂಸ್ಥೆ.

ಪರಿಭಾಷೆ

ಸಮರಕಲೆ ಚಿತ್ರ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಪರಂಪರೆಗಳು ಬರುತ್ತವೆ. ಕಿಲ್ ಬಿಲ್ ಅವೆಲ್ಲವನ್ನೂ ಬಳಸಿಕೊಳ್ಳುವುದರಿಂದ ಅವುಗಳ ವ್ಯತ್ಯಾಸ ತಿಳಿದಿರಬೇಕು. ಬರಿಗೈ ಹೋರಾಟವೇ ಮುಖ್ಯವಾಗಿರುವ ಹಾಂಗ್‌ಕಾಂಗ್ ಚಿತ್ರಗಳಿಗೆ ಕುಂಗ್ ಫೂ ಚಿತ್ರ ಎಂದೂ ಜಪಾನಿನ ಕತ್ತಿವರಸೆಯ ಚಿತ್ರಗಳಿಗೆ ಚಂಬಾರಾ ಎಂದೂ ಹೆಸರು. 1960ರ ದಶಕದಿಂದ ಇಟಲಿಯ ನಿರ್ದೇಶಕರು ತಯಾರಿಸಿದ ಕೌಬಾಯ್ ಚಿತ್ರಗಳನ್ನು ಸ್ಪಾಗೆಟಿ ವೆಸ್ಟರ್ನ್ ಎನ್ನುತ್ತಾರೆ. ಜಪಾನಿನ ಚಿತ್ರಕಥಾ ಪುಸ್ತಕ ಮಾಂಗಾ, ಅಲ್ಲಿನ ಅನಿಮೇಷನ್ ಚಿತ್ರ ಅನಿಮೆ, ಅಲ್ಲಿನ ಬಾಗಿದ ಒಂಟಿಯಲಗಿನ ಉದ್ದ ಕತ್ತಿ ಕಟಾನಾ. ಮೊದಲ ಸಂಪುಟದಲ್ಲಿ ನಾಯಕಿಯ ಹೆಸರು ಬಂದಲ್ಲೆಲ್ಲ ಕೀರಲು ಧ್ವನಿಯಿಂದ ಅದನ್ನು ಮುಚ್ಚಿಹಾಕಲಾಗಿದೆ. ಬಿಯಾಟ್ರಿಕ್ಸ್ ಕಿಡೊ ಎಂಬ ಪೂರ್ಣ ಹೆಸರು ಎರಡನೆಯ ಸಂಪುಟದಲ್ಲಷ್ಟೇ ತಿಳಿಯುತ್ತದೆ. ಅಲ್ಲಿಯವರೆಗೆ ಅವಳು ಬರಿಯ ಮದುವಣಗಿತ್ತಿ. ಈ ಲೇಖನದಲ್ಲಿಯೂ ಅವಳನ್ನು ಹಾಗೆಯೇ ಕರೆಯಲಾಗಿದೆ.

ಹುಟ್ಟು

ಮದುವಣಗಿತ್ತಿಯ ಪಾತ್ರ ಮೂಡಿದ್ದು 1994ರಲ್ಲಿ ತೆರೆಕಂಡ ಪಲ್ಪ್ ಫಿಕ್ಷನ್ ಚಿತ್ರದ ಕೆಲಸದ ನಡುವೆ, ಟ್ಯಾರಂಟಿನೊ ಮತ್ತು ಥರ್ಮನ್ ಆಡಿದ ಮಾತುಕತೆಯಲ್ಲಿ. ಹೀಗಾಗಿ ಚಿತ್ರದ ಶೀರ್ಷಿಕೆಗಳಲ್ಲಿ ಈ ಪಾತ್ರವನ್ನು ಕ್ಯೂ ಮತ್ತು ಯು ಸೃಷ್ಟಿಸಿದರೆಂದು ಇಬ್ಬರ ಮೊದಲಕ್ಷರಗಳನ್ನೂ ನಮೂದಿಸಲಾಗಿದೆ. ಪಲ್ಪ್ ಫಿಕ್ಷನ್‌ನಲ್ಲಿ ಥರ್ಮನ್ ಅಭಿನಯಿಸಿದ ಮಿಯಾ ಎಂಬವಳು, ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಗೊತ್ತಿರುವ ಐವರು ಹೆಂಗಸರ ತಂಡವನ್ನು ಕುರಿತ ಟಿವಿ ಧಾರಾವಾಹಿಯ ಪ್ರಾಯೋಗಿಕ ಕಂತಿನಲ್ಲಿ ತಾನು ನಟಿಸಿದ್ದನ್ನು ಹೇಳಿಕೊಳ್ಳುತ್ತಾಳೆ. ಕಿಲ್ ಬಿಲ್‌ನ ಹಂತಕರ ತಂಡಕ್ಕೂ ಆ ವಿವರಣೆಗೂ ಇರುವ ಹೋಲಿಕೆ ಎದ್ದು ಕಾಣುತ್ತದೆ.

1997ರ ಜ್ಯಾಕಿ ಬ್ರೌನ್ ಆದಮೇಲೆ ಆರು ವರ್ಷ ಟ್ಯಾರಂಟಿನೊ ನಿರ್ದೇಶನದ ಯಾವ ಚಿತ್ರವೂ ಬರಲಿಲ್ಲ. ಕಿಲ್ ಬಿಲ್ ಅವರ ನಾಲ್ಕನೆಯ ಚಿತ್ರ. ಚಿತ್ರೀಕರಣಕ್ಕೆ ಮೊದಲು ಥರ್ಮನ್ ಗರ್ಭಿಣಿಯಾದಾಗ ಬೇರೆ ನಟಿಯನ್ನು ಹುಡುಕದೆ ನಿರ್ದೇಶಕರು ಕೆಲಸವನ್ನೇ ಮುಂದೂಡಿದರು. ಬಿಲ್ ಪಾತ್ರಕ್ಕೆ ಮೊದಲು ಯೋಚಿಸಿದ್ದು ವಾರೆನ್ ಬೀಟಿಯವರನ್ನು. ಆಮೇಲೆ ಅದು ಕ್ಯಾರಡೀನ್ ಪಾಲಾಯಿತು. 1972ರಿಂದ 1975ರವರೆಗೆ ಪ್ರಸಾರವಾದ ಕುಂಗ್ ಫೂ ಎಂಬ ಅಮೆರಿಕನ್ ಟಿವಿ ಧಾರಾವಾಹಿಯ ನಾಯಕ ಕ್ಯಾರಡೀನ್. ಶಾಂತಸ್ವಭಾವದ ಶಾವೊಲಿನ್ ಸಂನ್ಯಾಸಿಯಾಗಿ ಮನೆಮನೆಗೂ ಪರಿಚಿತವಾಗಿದ್ದ ಆ ಮುಖ ಇಲ್ಲಿ ಕೊಳಲು ಹಿಡಿದ ಕೊಲೆಗಾರನದಾಯಿತು. ಚಿತ್ರೀಕರಣ 2002ರಲ್ಲಿ ಚೀನಾದ ಬೀಜಿಂಗ್ ಫಿಲ್ಮ್ ಸ್ಟುಡಿಯೋದಲ್ಲಿ ಮೊದಲಾಗಿ ಜಪಾನ್, ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊಗಳಲ್ಲಿ ಮುಂದುವರಿಯಿತು. ರಾಬರ್ಟ್ ರಿಚರ್ಡ್‌ಸನ್ ಛಾಯಾಗ್ರಾಹಕ. ಟ್ಯಾರಂಟಿನೊ ಅವರ ಮೊದಲ ಚಿತ್ರದಿಂದಲೂ ಜೊತೆಗಿದ್ದ ಸ್ಯಾಲಿ ಮೆಂಕಿ ಸಂಕಲನಕಾರ್ತಿ.

ಕಥೆ

ಕಾಲಕ್ರಮದಲ್ಲಿ ಜೋಡಿಸಿದರೆ ಕಥೆ ಹೀಗಿದೆ. ಬಿಲ್ ಕಟ್ಟಿದ ಸುಪಾರಿ ಕೊಲೆಗಾರರ ತಂಡದ ಹೆಸರು ಡೆಡ್ಲಿ ವೈಪರ್ ಅಸ್ಯಾಸಿನೇಷನ್ ಸ್ಕ್ವಾಡ್. ಅದರ ಪ್ರತಿಯೊಬ್ಬ ಸದಸ್ಯರಿಗೂ ಒಂದು ಹಾವಿನ ಹೆಸರು. ಬಿಲ್ ಮಾತ್ರ ಹಾವಾಡಿಗ. ಬ್ಲ್ಯಾಕ್ ಮಾಂಬಾ ಎಂಬ ಹೆಸರಿನ ಮದುವಣಗಿತ್ತಿ ತಾನು ಬಿಲ್‌ನಿಂದ ಬಸುರಾಗಿರುವುದನ್ನು ಅರಿತು, ಹುಟ್ಟುವ ಮಗುವಿಗೆ ಈ ಬದುಕು ಬೇಡವೆಂದು ತಂಡ ಬಿಟ್ಟು ಓಡಿಹೋಗುತ್ತಾಳೆ. ಟೆಕ್ಸಾಸಿನ ಎಲ್ ಪಾಸೊದಲ್ಲಿ ಗ್ರಾಮಫೋನ್ ರೆಕಾರ್ಡ್ ಅಂಗಡಿಯವನೊಬ್ಬನನ್ನು ಮದುವೆಯಾಗಲು ಸಿದ್ಧಳಾಗುತ್ತಾಳೆ. ಸಣ್ಣ ಪ್ರಾರ್ಥನಾಮಂದಿರದಲ್ಲಿ ಮದುವೆಯ ತಾಲೀಮು ನಡೆಯುತ್ತಿರುವಾಗ ತಂಡ ಬಂದು ಅಲ್ಲಿದ್ದವರನ್ನೆಲ್ಲ ಕೊಲ್ಲುತ್ತದೆ. ಅವಳ ತಲೆಗೆ ಬಿಲ್ ತಾನೇ ಗುಂಡು ಹಾರಿಸುತ್ತಾನೆ.

ಅವಳು ಸಾಯುವುದಿಲ್ಲ. ನಾಲ್ಕು ವರ್ಷ ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿದ್ದು, ಕಣ್ಣು ತೆರೆದಾಗ ಮಗು ತೀರಿಹೋಯಿತೆಂದು ತಿಳಿಯುತ್ತಾಳೆ. ಜಪಾನಿನ ಒಕಿನಾವಾಕ್ಕೆ ಹೋಗಿ, ಕತ್ತಿ ಮಾಡುವುದನ್ನು ಬಿಟ್ಟು ಸುಶಿ ಅಂಗಡಿ ಇಟ್ಟುಕೊಂಡಿದ್ದ ಹತೋರಿ ಹಾಂಜೊನಿಂದ ಒಂದು ಕತ್ತಿ ಮಾಡಿಸಿಕೊಳ್ಳುತ್ತಾಳೆ. ಬಿಲ್ ಒಮ್ಮೆ ಅವನ ಶಿಷ್ಯನಾಗಿದ್ದ. ಆ ಋಣವೇ ಹಾಂಜೊ ತನ್ನ ಪ್ರತಿಜ್ಞೆ ಮುರಿಯಲು ಕಾರಣ. ತಂಡದವರಲ್ಲಿ ಟೋಕಿಯೊದ ಭೂಗತಲೋಕವನ್ನು ಆಳುತ್ತಿದ್ದ ಓ-ರೆನ್ ಇಶಿಯನ್ನು ಮೊದಲು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಗೃಹಿಣಿಯಾಗಿ ನೆಲೆಸಿದ್ದ ವರ್ನೀಟಾ ಗ್ರೀನಳನ್ನು ಅನಂತರ ಕೊಲ್ಲುತ್ತಾಳೆ. ಬಿಲ್‌ನ ತಮ್ಮ ಬಡ್ ಅವಳ ಎದೆಗೆ ಕಲ್ಲುಪ್ಪು ತುಂಬಿದ ತೋಟಾ ಹೊಡೆದು ಜೀವಂತ ಹೂಳುತ್ತಾನೆ. ಗುರು ಪೈ ಮೇ ಕಲಿಸಿದ, ಕೆಲವೇ ಅಂಗುಲಗಳ ಅಂತರದಿಂದ ಮರದ ಹಲಗೆ ಒಡೆಯುವ ವಿದ್ಯೆಯಿಂದ ಶವಪೆಟ್ಟಿಗೆ ಒಡೆದು ಅವಳು ಹೊರಬರುತ್ತಾಳೆ. ಅಷ್ಟರಲ್ಲಿ ತಂಡದ ಇನ್ನೊಬ್ಬಳು ಎಲ್ ಡ್ರೈವರ್ ಹಾಂಜೊ ಕತ್ತಿಯ ಆಸೆಗೆ ಬಡ್‌ನನ್ನು ಹಾವು ಕಚ್ಚಿಸಿ ಕೊಂದಿರುತ್ತಾಳೆ. ಎಲ್‌ಗೆ ಉಳಿದಿದ್ದ ಒಂದೇ ಕಣ್ಣನ್ನು ಮದುವಣಗಿತ್ತಿ ಕಿತ್ತುಹಾಕುತ್ತಾಳೆ. ಕೊನೆಗೆ ಬಿಲ್‌ನ ಮನೆ ತಲುಪಿದಾಗ ಅಲ್ಲಿ ಬದುಕಿರುವ ತನ್ನ ಮಗಳು ಬಿ.ಬಿ. ಎದುರಾಗುತ್ತಾಳೆ. ಪೈ ಮೇ ತನ್ನ ಶಿಷ್ಯರಲ್ಲಿ ಯಾರಿಗೂ ಕಲಿಸಿರಲಿಲ್ಲವೆಂದು ನಂಬಲಾಗಿದ್ದ, ಐದು ಬಿಂದುಗಳಲ್ಲಿ ಹೊಡೆದು ಹೃದಯವನ್ನು ಸಿಡಿಸುವ ಹಸ್ತಪ್ರಹಾರದಿಂದ ಬಿಲ್ ಸಾಯುತ್ತಾನೆ. ಮದುವಣಗಿತ್ತಿ ಮಗಳನ್ನು ಕರೆದುಕೊಂಡು ಹೊರಡುತ್ತಾಳೆ.

ರಚನೆ

ಚಿತ್ರ ಒಟ್ಟು 10 ಅಧ್ಯಾಯಗಳಲ್ಲಿದೆ, ಸಂಪುಟಕ್ಕೆ ಐದರಂತೆ. ಅಧ್ಯಾಯಗಳು ಕಾಲಕ್ರಮವನ್ನು ಪಾಲಿಸುವುದಿಲ್ಲ. ಮೊದಲ ಅಧ್ಯಾಯದ ಶೀರ್ಷಿಕೆಯೇ 2 ಎಂಬ ಅಂಕೆ. ಅದು ಮದುವಣಗಿತ್ತಿ ಬರೆದುಕೊಂಡ ವೈರಿಗಳ ಪಟ್ಟಿಯಲ್ಲಿ ಎರಡನೆಯವಳಾದ ವರ್ನೀಟಾಳ ಕೊಲೆ. ಓ-ರೆನ್ ಹೆಸರಿಗೆ ಆಗಲೇ ಗೆರೆ ಎಳೆದಿರುವುದನ್ನು ಪ್ರೇಕ್ಷಕರು ನೋಡಿರುತ್ತಾರೆ. ಹೀಗೆ ಮೊದಲ ಸಂಪುಟದ ಶಿಖರವಾದ ಟೋಕಿಯೊ ಕಾಳಗದ ಫಲಿತಾಂಶ ಆರಂಭದಲ್ಲೇ ಬಯಲಾಗಿರುತ್ತದೆ. ಗೆಲ್ಲುವವರು ಯಾರೆಂಬ ಕುತೂಹಲವನ್ನು ಕಳೆದು, ಹೇಗೆ ಎಂಬುದರ ಮೇಲೆ ಗಮನ ನಿಲ್ಲಿಸುವ ಉಪಾಯ ಇದು. ಕಥೆ ಮೊದಲೇ ಗೊತ್ತಿರುವ ಪ್ರೇಕ್ಷಕರ ಮುಂದೆ ಆಡುವ ರಂಗಕಲೆಗಳ ಸ್ವಭಾವಕ್ಕೆ ಇದು ಹತ್ತಿರದ್ದು.

ಎರಡು ಸಂಪುಟಗಳ ಗುಣ ಒಂದೇ ಅಲ್ಲ. ಸುಮಾರು 111 ನಿಮಿಷಗಳ ಮೊದಲನೆಯದು ಜಪಾನ್ ಮತ್ತು ಹಾಂಗ್‌ಕಾಂಗ್ ಚಿತ್ರಗಳ ಕಡೆ ಮುಖ ಮಾಡಿದೆ. ಮಾತು ಕಡಿಮೆ, ಬಣ್ಣ ಮತ್ತು ಚಲನೆ ಹೆಚ್ಚು. ಸುಮಾರು 137 ನಿಮಿಷಗಳ ಎರಡನೆಯದು ಸ್ಪಾಗೆಟಿ ವೆಸ್ಟರ್ನ್‌ನ ಒಣ ಬಯಲಿನದು. ಅಲ್ಲಿ ಮಾತೇ ಪ್ರಧಾನ. ಮೊದಲ ಸಂಪುಟ ಒಬ್ಬಳು ಡಜನ್‌ಗಟ್ಟಲೆ ಜನರನ್ನು ಕಡಿಯುವ ದೃಶ್ಯದಿಂದ ಹುಟ್ಟಿಸಿದ ನಿರೀಕ್ಷೆಯನ್ನು ಎರಡನೆಯದು ಬೇಕೆಂದೇ ಈಡೇರಿಸುವುದಿಲ್ಲ. ಬಡ್ ಕತ್ತಿಯನ್ನೇ ಎತ್ತದೆ ಬಂದೂಕಿನಿಂದ ಅವಳನ್ನು ಕೆಡವುತ್ತಾನೆ. ಎಲ್ ಜೊತೆಗಿನ ಹೊಡೆದಾಟ ಬಡ್‌ನ ಇಕ್ಕಟ್ಟಾದ ಟ್ರೈಲರ್ ಮನೆಯೊಳಗೆ ನಡೆಯುತ್ತದೆ. ಕತ್ತಿ ಬೀಸಲು ಅಲ್ಲಿ ಜಾಗವೇ ಇಲ್ಲ. ಬಿಲ್ ಜೊತೆಗಿನ ಕಾಳಗ ಇಬ್ಬರೂ ಕುರ್ಚಿಯಲ್ಲಿ ಕುಳಿತಂತೆಯೇ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಚಿತ್ರದ ಪೂರ್ಣ ಅಳತೆ ಸಿಗುವುದು ಈ ನಿರಾಕರಣೆಯಲ್ಲಿ. ಪಟ್ಟಿಯಲ್ಲಿದ್ದ ಐವರಲ್ಲಿ ಮದುವಣಗಿತ್ತಿಯ ಕೈಯಿಂದ ಸಾಯುವುದು ಮೂವರು ಮಾತ್ರ.

ಎರಡಾಗಿ ಒಡೆದದ್ದು

ಚಿತ್ರಕಥೆ 200 ಪುಟಗಳನ್ನು ಮೀರಿತ್ತು. ಚಿತ್ರೀಕರಣ ಮುಗಿಯುವ ಹೊತ್ತಿಗೆ ಸಿನಿಮಾ ನಾಲ್ಕು ಗಂಟೆಯ ಹತ್ತಿರ ಬರುವುದು ಖಚಿತವಾಯಿತು. ದೃಶ್ಯಗಳನ್ನು ಕತ್ತರಿಸುವುದಕ್ಕಿಂತ ಎರಡಾಗಿ ಬಿಡುಗಡೆ ಮಾಡುವುದು ಲೇಸೆಂದು ಮಿರಾಮ್ಯಾಕ್ಸ್ 2003ರಲ್ಲಿ ತೀರ್ಮಾನಿಸಿತು. ಈ ತೀರ್ಮಾನದಿಂದ ಕಥನದಲ್ಲಿ ಒಂದು ಮುಖ್ಯ ಬದಲಾವಣೆಯಾಯಿತು. ಮೊದಲ ಸಂಪುಟದ ಕಟ್ಟಕಡೆಯ ಮಾತಿನಲ್ಲಿ, ಮಗಳು ಬದುಕಿರುವುದು ಅವಳಿಗೆ ಗೊತ್ತೇ ಎಂದು ಬಿಲ್ ಕೇಳುತ್ತಾನೆ. ಪ್ರೇಕ್ಷಕರನ್ನು ಆರು ತಿಂಗಳ ಬಳಿಕ ಮತ್ತೆ ಚಿತ್ರಮಂದಿರಕ್ಕೆ ಕರೆತರುವ ಕೊಂಡಿಯಾಗಿ ಅದು ಯಶಸ್ವಿ. ಆದರೆ ಕೊನೆಯ ಅಧ್ಯಾಯದಲ್ಲಿ ಮಗುವನ್ನು ಕಂಡಾಗ ತಾಯಿಗಾಗುವ ಆಘಾತದಲ್ಲಿ ಪ್ರೇಕ್ಷಕರು ಪಾಲುಗಾರರಾಗದಂತೆಯೂ ಅದು ಮಾಡಿತು.

ಸಮರಕಲೆ ಚಿತ್ರಗಳ ಇತಿಹಾಸದಲ್ಲಿ ಇದಕ್ಕೊಂದು ಹಿಂದಿನ ನಿದರ್ಶನವಿದೆ. ಕಿಂಗ್ ಹೂ ನಿರ್ದೇಶಿಸಿದ ಎ ಟಚ್ ಆಫ್ ಝೆನ್ ತೈವಾನಿನಲ್ಲಿ 1970 ಮತ್ತು 1971ರಲ್ಲಿ ಎರಡು ಭಾಗಗಳಾಗಿ ಬಿಡುಗಡೆಯಾಗಿತ್ತು. ಭಾಗಗಳನ್ನು ಕೂಡಿಸಿದ ರೂಪಕ್ಕೆ 1975ರ ಕಾನ್ ಚಿತ್ರೋತ್ಸವದಲ್ಲಿ ತಾಂತ್ರಿಕ ಪ್ರಶಸ್ತಿ ದೊರೆಯಿತು.

ಆಕರಗಳು

ಕಿಲ್ ಬಿಲ್ ಹಳೆಯ ಚಿತ್ರಗಳಿಂದ ಎರವಲು ತಂದ ಅಂಶಗಳಿಂದಲೇ ನೇಯ್ದದ್ದು. ಈ ಎರವಲನ್ನು ಅದು ಮುಚ್ಚಿಡುವುದಿಲ್ಲ. ಮೊದಲ ಸಂಪುಟ ಆರಂಭವಾಗುವುದೇ ಹಾಂಗ್‌ಕಾಂಗಿನ ಶಾ ಬ್ರದರ್ಸ್ ಸಂಸ್ಥೆಯ ಹಳೆಯ ಲಾಂಛನದಿಂದ.

ಎಲ್ಲಕ್ಕಿಂತ ದೊಡ್ಡ ಋಣ 1973ರ ಜಪಾನಿ ಚಿತ್ರ ಲೇಡಿ ಸ್ನೋಬ್ಲಡ್‌ಗೆ ಸಲ್ಲುತ್ತದೆ. ಕಝುವೊ ಕೊಯಿಕೆ ಬರೆದು ಕಝುವೊ ಕಮಿಮುರಾ ಚಿತ್ರಿಸಿದ ಮಾಂಗಾವನ್ನು ಆಧರಿಸಿ ತೊಶಿಯಾ ಫುಜಿತಾ ಅದನ್ನು ನಿರ್ದೇಶಿಸಿದರು. ಮೇಯ್ಕೊ ಕಾಜಿ ನಾಯಕಿ. ತಾಯಿಯ ಸೇಡು ತೀರಿಸಲೆಂದೇ ಸೆರೆಮನೆಯಲ್ಲಿ ಹುಟ್ಟಿದ ಹೆಣ್ಣು, ವೈರಿಗಳ ಹೆಸರುಗಳು, ಅಧ್ಯಾಯಗಳ ವಿಂಗಡಣೆ, ಕಥೆಯ ನಡುವೆ ಬರುವ ರೇಖಾಚಿತ್ರಗಳು, ಬಿಳಿಯ ಹಿಮದ ಮೇಲೆ ಕೆಂಪು ರಕ್ತ ಇವೆಲ್ಲ ಅಲ್ಲಿವೆ. ಹಿಮ ಬೀಳುವ ತೋಟದಲ್ಲಿ ಓ-ರೆನ್ ಸಾಯುವಾಗ ಕೇಳಿಬರುವುದು ಆ ಚಿತ್ರಕ್ಕಾಗಿ ಕಾಜಿ ತಾವೇ ಹಾಡಿದ ಹಾಡು.

ಟೋಕಿಯೊ ಕಾಳಗದಲ್ಲಿ ಮದುವಣಗಿತ್ತಿ ತೊಡುವ ಕಪ್ಪು ಪಟ್ಟೆಯ ಹಳದಿ ಉಡುಪು ಬ್ರೂಸ್ ಲೀ ತಮ್ಮ ಅಪೂರ್ಣ ಚಿತ್ರ ಗೇಮ್ ಆಫ್ ಡೆತ್‌ನಲ್ಲಿ ತೊಟ್ಟಿದ್ದರ ಪಡಿಯಚ್ಚು. ಓ-ರೆನ್‌ಳ ಕ್ರೇಜಿ 88 ಎಂಬ ಪಡೆಯ ಮುಖವಾಡಗಳು ಲೀ ನಟಿಸಿದ್ದ ದ ಗ್ರೀನ್ ಹಾರ್ನೆಟ್ ಧಾರಾವಾಹಿಯಿಂದ ಬಂದವು. ಎಲ್ ಡ್ರೈವರಳ ಕಣ್ಣುಪಟ್ಟಿಗೆ ಮೂಲ ಸ್ವೀಡನ್ನಿನ ಥ್ರಿಲ್ಲರ್ ಎಂಬ 1970ರ ದಶಕದ ಸೇಡಿನ ಚಿತ್ರ.

ಪಾತ್ರಧಾರಿಗಳ ಆಯ್ಕೆಯೂ ಒಂದು ಬಗೆಯ ಉಲ್ಲೇಖವೇ ಆಗಿದೆ. ಹತೋರಿ ಹಾಂಜೊ 16ನೆಯ ಶತಮಾನದಲ್ಲಿ ತೊಕುಗಾವಾ ಇಯೆಯಸುವಿನ ಸೇವೆಯಲ್ಲಿದ್ದ ಐತಿಹಾಸಿಕ ಯೋಧ. ಆ ಹೆಸರಿನ ಪಾತ್ರಗಳನ್ನು ಜಪಾನಿ ಟಿವಿಯಲ್ಲಿ ಮಾಡಿ ಹೆಸರಾಗಿದ್ದ ಸನ್ನಿ ಚೀಬಾ ಇಲ್ಲಿ ಕತ್ತಿ ಕಮ್ಮಾರನಾದರು. ಪೈ ಮೇ, ಅಂದರೆ ಬಿಳಿಹುಬ್ಬಿನವ, ಶಾವೊಲಿನ್ ದಂತಕಥೆಗಳ ದ್ರೋಹಿ ಗುರು. ಶಾ ಬ್ರದರ್ಸ್ ಚಿತ್ರಗಳಲ್ಲಿ ಆ ಪಾತ್ರ ಲೋ ಲಿಯೆ ಅವರದಾಗಿತ್ತು. 1980ರ ಕ್ಲ್ಯಾನ್ ಆಫ್ ದ ವೈಟ್ ಲೋಟಸ್‌ನಲ್ಲಿ ಅಂಥದೇ ಬಿಳಿಹುಬ್ಬಿನ ಗುರುವಾಗಿ ನಟಿಸಿದ ಲೋ ಲಿಯೆಗೆ ಎದುರು ನಿಂತವರು ಗಾರ್ಡನ್ ಲ್ಯೂ. ಕಿಲ್ ಬಿಲ್‌ನಲ್ಲಿ ಪೈ ಮೇ ಆದವರು ಅದೇ ಗಾರ್ಡನ್ ಲ್ಯೂ. ಟ್ಯಾರಂಟಿನೊ ಮೊದಲು ತಾವೇ ಆ ಪಾತ್ರ ಮಾಡುವ ಯೋಚನೆಯಲ್ಲಿದ್ದರು. ಪೈ ಮೇ ಅಧ್ಯಾಯದ ತಟ್ಟನೆ ಮುನ್ನುಗ್ಗುವ ಝೂಮ್‌ಗಳು ಮತ್ತು ಸವೆದ ರೀಲಿನಂಥ ಬಣ್ಣ 1970ರ ದಶಕದ ಕುಂಗ್ ಫೂ ಚಿತ್ರಗಳ ಛಾಯಾಗ್ರಹಣವನ್ನು ಹಾಗೆಯೇ ಮರುಸೃಷ್ಟಿಸುತ್ತವೆ.

ಅನಿಮೆ ಭಾಗ ಮತ್ತು ಭಾರತದ ನಂಟು

ಮೂರನೆಯ ಅಧ್ಯಾಯದಲ್ಲಿ ಓ-ರೆನ್‌ಳ ಬಾಲ್ಯ ಪೂರ್ತಿಯಾಗಿ ಅನಿಮೆ ರೂಪದಲ್ಲಿದೆ. ಜಪಾನಿನ ಪ್ರೊಡಕ್ಷನ್ ಐ.ಜಿ. ಸಂಸ್ಥೆ ಇದನ್ನು ತಯಾರಿಸಿತು. ತಂದೆತಾಯಿಯ ಕೊಲೆಯನ್ನು ಮಂಚದ ಕೆಳಗಿನಿಂದ ಕಂಡ ಹುಡುಗಿ ಹನ್ನೊಂದನೆಯ ವಯಸ್ಸಿನಲ್ಲಿ ಕೊಲೆಗಾರನನ್ನು ಕೊಲ್ಲುವ ಈ ಭಾಗವನ್ನು ನಟರನ್ನಿಟ್ಟು ತೆಗೆದಿದ್ದರೆ ತೆರೆಯ ಮೇಲೆ ಸಹಿಸುವುದು ಕಷ್ಟವಿತ್ತು. ನಾಯಕಿಯ ಸೇಡಿನ ಕಥೆಯೊಳಗೆ ವೈರಿಯ ಸೇಡಿನ ಕಥೆಯನ್ನೂ ಅಷ್ಟೇ ಅನುಕಂಪದಿಂದ ಇಟ್ಟಿರುವುದು ಈ ಅಧ್ಯಾಯದ ವಿಶೇಷ. ಹಿಂಸೆಯನ್ನು ಅನಿಮೇಷನ್ನಿನಲ್ಲಿ ತೋರಿಸುವ ಯೋಚನೆಗೆ ಒಂದು ಭಾರತೀಯ ಚಿತ್ರ ಪ್ರೇರಣೆಯೆಂದು ಟ್ಯಾರಂಟಿನೊ ತಮಗೆ ತಿಳಿಸಿದ್ದಾಗಿ ಹಿಂದಿ ನಿರ್ದೇಶಕ ಅನುರಾಗ್ ಕಶ್ಯಪ್ ಹೇಳಿದ್ದಾರೆ. ಆ ಚಿತ್ರ ಕಮಲ ಹಾಸನ್ ದ್ವಿಪಾತ್ರದಲ್ಲಿ ನಟಿಸಿದ, ಸುರೇಶ್ ಕೃಷ್ಣ ನಿರ್ದೇಶನದ 2001ರ ತಮಿಳು ಚಿತ್ರ ಆಳವಂದಾನ್. ಹಿಂದಿಯಲ್ಲಿ ಅದರ ಹೆಸರು ಅಭಯ್.

ಕಾಳಗದ ಸಂಯೋಜನೆ

ಹೋರಾಟದ ದೃಶ್ಯಗಳನ್ನು ಸಂಯೋಜಿಸಿದವರು ಯುಯೆನ್ ವೂ-ಪಿಂಗ್. 1978ರ ಡ್ರಂಕನ್ ಮಾಸ್ಟರ್ ಚಿತ್ರದ ನಿರ್ದೇಶಕರಾದ ಇವರು ದ ಮೇಟ್ರಿಕ್ಸ್ ಹಾಗೂ ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್ ಚಿತ್ರಗಳ ಸಾಹಸ ಸಂಯೋಜಕರೂ ಹೌದು. ಜಪಾನಿ ಕತ್ತಿವರಸೆಯನ್ನು ನಟರಿಗೆ ಕಲಿಸಿದ್ದು ಚೀಬಾ. ಚಿತ್ರೀಕರಣಕ್ಕೆ ಮುಂಚೆ ಮುಖ್ಯ ಪಾತ್ರಧಾರಿಗಳೆಲ್ಲ ತಿಂಗಳುಗಟ್ಟಲೆ ತರಬೇತಿ ಪಡೆದರು. ಥರ್ಮನ್ ಬದಲಿಗೆ ಅಪಾಯಕರ ದೃಶ್ಯಗಳನ್ನು ಮಾಡಿದವರು ನ್ಯೂಜಿಲೆಂಡಿನ ಜೋಯಿ ಬೆಲ್; ಟ್ಯಾರಂಟಿನೊ 2007ರ ಡೆತ್ ಪ್ರೂಫ್‌ನಲ್ಲಿ ಅವರಿಗೆ ಪ್ರಮುಖ ಪಾತ್ರ ಕೊಟ್ಟರು.

ಐದನೆಯ ಅಧ್ಯಾಯ, ಟೋಕಿಯೊದ ಹೌಸ್ ಆಫ್ ಬ್ಲೂ ಲೀವ್ಸ್ ಎಂಬ ಊಟದ ಮನೆಯಲ್ಲಿ ನಡೆಯುವ ಕಾಳಗ, ಇಡೀ ಚಿತ್ರದ ಅತ್ಯಂತ ದೀರ್ಘ ಹಾಗೂ ಜಟಿಲ ಭಾಗ. ಯೊಹೇಯ್ ತನೆದಾ ವಿನ್ಯಾಸದ ಈ ಸೆಟ್ಟನ್ನು ಕಟ್ಟಿದ್ದು ಬೀಜಿಂಗಿನಲ್ಲಿ. ಚಿತ್ರೀಕರಣಕ್ಕೆ ಸುಮಾರು ಎಂಟು ವಾರ ಹಿಡಿಯಿತು. ಕಂಪ್ಯೂಟರ್ ರಕ್ತವನ್ನು ನಿರ್ದೇಶಕರು ಒಪ್ಪಲಿಲ್ಲ. ಹಳೆಯ ಹಾಂಗ್‌ಕಾಂಗ್ ಪದ್ಧತಿಯಂತೆ ಕೃತಕ ರಕ್ತ ತುಂಬಿದ ರಬ್ಬರ್ ಚೀಲಗಳನ್ನು ನಟರ ಮೈಮೇಲೆಯೇ ಒಡೆಸಲಾಯಿತು. ಕಡಿದ ಕೈಯಿಂದ ಚಿಲುಮೆಯಂತೆ ಚಿಮ್ಮುವ ರಕ್ತ ಚಂಬಾರಾ ಚಿತ್ರಗಳ ರೂಢಿ. ಅದು ನಿಜವಾದ ಗಾಯವನ್ನು ಅನುಕರಿಸುವುದಿಲ್ಲ. ವೇಷ, ಬಣ್ಣಗಳಂತೆ ಅದೂ ಒಂದು ರಂಗಸಂಕೇತ.

ಈ ಕಾಳಗ ಒಂದೇ ಬಗೆಯಲ್ಲಿ ಸಾಗದೆ ರೂಪ ಬದಲಿಸುತ್ತ ಹೋಗುತ್ತದೆ. ಶಾಲಾ ಸಮವಸ್ತ್ರದ ಗೋಗೊ ಯೂಬಾರಿ ಸರಪಳಿಗೆ ಕಟ್ಟಿದ ಕಬ್ಬಿಣದ ಗುಂಡು ಬೀಸುತ್ತಾಳೆ. ಈ ಪಾತ್ರ ಮಾಡಿದ ಚಿಯಾಕಿ ಕುರಿಯಾಮಾ 2000ದ ಬ್ಯಾಟಲ್ ರೊಯಾಲ್‌ನಿಂದ ಪರಿಚಿತರು. ಪಡೆ ಮುತ್ತಿಕೊಂಡ ಮೇಲೆ ಮದುವಣಗಿತ್ತಿ ಒಬ್ಬನ ಕಣ್ಣು ಕೀಳುತ್ತಲೇ ಚಿತ್ರ ಕಪ್ಪುಬಿಳುಪಾಗುತ್ತದೆ, ಅವಳು ಕಣ್ಣು ಮಿಟುಕಿಸಿದಾಗ ಬಣ್ಣ ಮರಳುತ್ತದೆ. ಬಳಿಕ ದೀಪ ಆರಿ, ನೀಲಿ ಹಿನ್ನೆಲೆಯ ಮುಂದೆ ಹೋರಾಡುವವರು ಬರಿಯ ನೆರಳುಗಳಾಗುತ್ತಾರೆ. ಕಪ್ಪುಬಿಳುಪಿನ ಭಾಗಕ್ಕೆ ಅಮೆರಿಕದ ಪ್ರಮಾಣೀಕರಣ ಮಂಡಳಿಯ ಆಕ್ಷೇಪ ತಪ್ಪಿಸುವ ಉದ್ದೇಶವಿತ್ತು. ಜಪಾನಿನಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಅದು ಬಣ್ಣದಲ್ಲಿಯೇ ಉಳಿಯಿತು. ಇಷ್ಟೆಲ್ಲ ಗದ್ದಲದ ನಂತರ ಬಾಗಿಲು ಸರಿದರೆ ಹೊರಗೆ ಹಿಮ, ನಿಶ್ಶಬ್ದ, ನೀರು ತುಂಬಿದಾಗ ಬಾಗಿ ಕಲ್ಲಿಗೆ ತಟ್ಟುವ ಬಿದಿರಿನ ಸದ್ದು. ಓ-ರೆನ್ ಜೊತೆಗಿನ ಕಾಳಗದಲ್ಲಿ ಏಟುಗಳು ಕೆಲವೇ.

ಸಂಗೀತ

ಮೊದಲ ಸಂಪುಟದ ಮೂಲ ಸಂಗೀತ ರ್‍ಯಾಪ್ ಕಲಾವಿದ ರಿಝಾ ಅವರದು. ಎರಡನೆಯದಕ್ಕೆ ನಿರ್ದೇಶಕ ರಾಬರ್ಟ್ ರಾಡ್ರಿಗಸ್ ಒಂದು ಡಾಲರ್ ಸಂಭಾವನೆ ಪಡೆದು ಸಂಗೀತ ಕೊಟ್ಟರು. ಪ್ರತಿಯಾಗಿ ಟ್ಯಾರಂಟಿನೊ ಅಷ್ಟೇ ಸಂಭಾವನೆಗೆ ರಾಡ್ರಿಗಸ್‌ರ ಸಿನ್ ಸಿಟಿಯ ಒಂದು ದೃಶ್ಯ ನಿರ್ದೇಶಿಸಿದರು. ಆದರೂ ಚಿತ್ರದ ಬಹುಪಾಲು ಸಂಗೀತ ಹಳೆಯ ಧ್ವನಿಮುದ್ರಿಕೆಗಳಿಂದ ಆರಿಸಿದ್ದು. ಮೊದಲ ಶೀರ್ಷಿಕೆಗಳಿಗೆ ನ್ಯಾನ್ಸಿ ಸಿನಾತ್ರಾ 1966ರಲ್ಲಿ ಹಾಡಿದ ಹಾಡು, ವೈರಿಯನ್ನು ಕಂಡಾಗಲೆಲ್ಲ ಮೊಳಗುವ ಕ್ವಿನ್ಸಿ ಜೋನ್ಸ್‌ರ ಐರನ್‌ಸೈಡ್ ಧಾರಾವಾಹಿಯ ಸ್ವರ, ಆಸ್ಪತ್ರೆಯಲ್ಲಿ ಎಲ್ ಹಾಕುವ ಸಿಳ್ಳೆಗೆ ಬರ್ನಾರ್ಡ್ ಹೆರ್ಮನ್‌ರ ಟ್ವಿಸ್ಟೆಡ್ ನರ್ವ್ ರಾಗ, ರುಮೇನಿಯಾದ ಗೆಯೋರ್ಗೆ ಝಂಫೀರ್‌ರ ಕೊಳವೆ ಕೊಳಲು, ಎನಿಯೊ ಮೊರಿಕೋನೆಯವರ ವೆಸ್ಟರ್ನ್ ಸಂಗೀತ ಇವು ಮುಖ್ಯವಾದವು. ಓ-ರೆನ್ ತನ್ನ ಪಡೆಯೊಡನೆ ನಡೆದುಬರುವಾಗ ಕೇಳುವ ತೊಮೊಯಾಸು ಹೊತೆಯ್‌ರ ಗಿಟಾರ್ ರಚನೆ ಚಿತ್ರದಿಂದಾಚೆಗೂ ಹರಡಿ ಕ್ರೀಡಾಂಗಣ, ಜಾಹೀರಾತುಗಳಲ್ಲಿ ಪರಿಚಿತವಾಯಿತು.

ಬಿಡುಗಡೆ ಮತ್ತು ಸ್ವೀಕಾರ

ಜಗತ್ತಿನಾದ್ಯಂತ ಮೊದಲ ಸಂಪುಟ ಸುಮಾರು 18 ಕೋಟಿ, ಎರಡನೆಯದು ಸುಮಾರು 15 ಕೋಟಿ ಡಾಲರ್ ಗಳಿಸಿದವು. ಥರ್ಮನ್ ಎರಡೂ ಸಂಪುಟಗಳಿಗೆ, ಕ್ಯಾರಡೀನ್ ಎರಡನೆಯದಕ್ಕೆ ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ಪಡೆದರು. ಆಸ್ಕರ್ ನಾಮನಿರ್ದೇಶನ ಯಾವ ವಿಭಾಗದಲ್ಲೂ ಬರಲಿಲ್ಲ. ಛಾಯಾಗ್ರಹಣ ಮತ್ತು ಸಂಕಲನದ ಮಟ್ಟಿಗೆ ಇದು ಗಮನಿಸಬೇಕಾದ ಲೋಪ.

ವಿಮರ್ಶಕ ರೋಜರ್ ಈಬರ್ಟ್ ಎರಡು ಸಂಪುಟಗಳಿಗೂ ಪೂರ್ಣ ನಾಲ್ಕು ನಕ್ಷತ್ರ ಕೊಟ್ಟರು. ಮೊದಲ ಸಂಪುಟ ಬಂದಾಗ ಹಿಂಸೆಯ ಅತಿರೇಕ ಮತ್ತು ಭಾವದ ಕೊರತೆಯ ಬಗ್ಗೆ ಆಕ್ಷೇಪಗಳೂ ಎದ್ದವು. ಎರಡನೆಯದರಲ್ಲಿ ತಾಯಿ ಮಗಳ ನಡುವಿನ ದೃಶ್ಯಗಳು ಆ ಆಕ್ಷೇಪಕ್ಕೆ ಸಾಕಷ್ಟು ಉತ್ತರ ಕೊಡುತ್ತವೆ. ಪುರುಷರಿಗೆ ಮೀಸಲಾಗಿದ್ದ ಸೇಡಿನ ಕಥೆಯ ಕೇಂದ್ರದಲ್ಲಿ ಹೆಣ್ಣನ್ನು ನಿಲ್ಲಿಸಿದ್ದು ಬಿಡುಗಡೆಯೋ ಅಥವಾ ಅವಳ ನೋವನ್ನೇ ನೋಟದ ಸರಕಾಗಿಸಿದ್ದೋ ಎಂಬುದು, ಏಷ್ಯಾದ ಚಿತ್ರಪರಂಪರೆಗಳನ್ನು ಅಮೆರಿಕದ ನಿರ್ದೇಶಕ ಬಳಸಿಕೊಂಡ ಬಗೆ ಗೌರವವೋ ಸ್ವಾಧೀನವೋ ಎಂಬುದು ಅಧ್ಯಯನಕಾರರ ನಡುವೆ ಇಂದಿಗೂ ಚರ್ಚೆಯಲ್ಲಿರುವ ಪ್ರಶ್ನೆಗಳು.

ಚಿತ್ರೀಕರಣದ ಅಪಘಾತ

ಚಿತ್ರೀಕರಣದ ಕೊನೆಯ ದಿನಗಳಲ್ಲಿ ಮೆಕ್ಸಿಕೊದಲ್ಲಿ ಥರ್ಮನ್ ಓಡಿಸುತ್ತಿದ್ದ ಕಾರು ಮರಕ್ಕೆ ಬಡಿದು ಅವರ ಕುತ್ತಿಗೆ ಮತ್ತು ಮಂಡಿಗೆ ಪೆಟ್ಟಾಯಿತು. ತಾವು ಕಾರು ಓಡಿಸಲು ಹಿಂಜರಿದಿದ್ದರೂ ಒತ್ತಾಯಕ್ಕೆ ಒಪ್ಪಬೇಕಾಯಿತೆಂದು ಅವರು 2018ರಲ್ಲಿ ಬಹಿರಂಗವಾಗಿ ತಿಳಿಸಿ, ದೃಶ್ಯದ ತುಣುಕನ್ನೂ ಪ್ರಕಟಿಸಿದರು. ಅದು ತಮ್ಮ ಬದುಕಿನ ದೊಡ್ಡ ಪಶ್ಚಾತ್ತಾಪಗಳಲ್ಲೊಂದೆಂದು ಟ್ಯಾರಂಟಿನೊ ಒಪ್ಪಿಕೊಂಡರು. ಚಿತ್ರೀಕರಣ ಸ್ಥಳದಲ್ಲಿ ನಟರ ಸುರಕ್ಷತೆಯ ಚರ್ಚೆಯಲ್ಲಿ ಈ ಪ್ರಕರಣವನ್ನು ಉಲ್ಲೇಖಿಸಲಾಗುತ್ತದೆ.

ಇಂದಿನ ಸ್ಥಿತಿ

ಎರಡು ಸಂಪುಟಗಳನ್ನು ಕೂಡಿಸಿದ ದ ಹೋಲ್ ಬ್ಲಡಿ ಅಫೇರ್ ಎಂಬ ಆವೃತ್ತಿ ಬಹುಕಾಲ ಅಪರೂಪದ ಪ್ರದರ್ಶನಗಳಿಗೆ ಸೀಮಿತವಾಗಿತ್ತು. 2011ರಲ್ಲಿ ಅದನ್ನು ಲಾಸ್ ಏಂಜಲಿಸ್‌ನ ನ್ಯೂ ಬೆವರ್ಲಿ ಚಿತ್ರಮಂದಿರದಲ್ಲಿ ತೋರಿಸಲಾಯಿತು. 2025ರ ಡಿಸೆಂಬರ್‌ನಲ್ಲಿ ಲಯನ್ಸ್‌ಗೇಟ್ ಸಂಸ್ಥೆ ಅದನ್ನು ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಬಿಡುಗಡೆ ಮಾಡಿತು. ನಾಲ್ಕು ಗಂಟೆ ಮೀರಿದ ಈ ರೂಪದಲ್ಲಿ ಟೋಕಿಯೊ ಕಾಳಗ ಪೂರ್ತಿ ಬಣ್ಣದಲ್ಲಿದೆ, ಅನಿಮೆ ಭಾಗ ಹಿಗ್ಗಿದೆ, ನಡುವೆ ವಿರಾಮವಿದೆ. ಮಗಳು ಬದುಕಿರುವ ಸುಳಿವು ಕೊಡುತ್ತಿದ್ದ ಮೊದಲ ಸಂಪುಟದ ಕೊನೆಯ ಮಾತನ್ನು ತೆಗೆಯಲಾಗಿದೆ. ಆ ಸಂಗತಿ ಈಗ ತಾಯಿಗೂ ಪ್ರೇಕ್ಷಕರಿಗೂ ಒಟ್ಟಿಗೇ ತಿಳಿಯುತ್ತದೆ. ಮೂರನೆಯ ಸಂಪುಟದ ಮಾತು ಟ್ಯಾರಂಟಿನೊ ಅವರಿಂದಲೇ ಆಗಾಗ ಬಂದಿದ್ದರೂ ಅದು ತಯಾರಾಗಿಲ್ಲ. ಮೂಲ ಚಿತ್ರಕಥೆಯಲ್ಲಿದ್ದು ಚಿತ್ರೀಕರಣಗೊಳ್ಳದೆ ಉಳಿದಿದ್ದ, ಗೋಗೊಳ ಸೋದರಿ ಯೂಕಿ ಸೇಡಿಗೆ ಹೊರಡುವ ಅಧ್ಯಾಯ 2025ರಲ್ಲಿ ಥರ್ಮನ್ ಧ್ವನಿಯೊಡನೆ ಕಿರು ಅನಿಮೇಷನ್ನಾಗಿ ಹೊರಬಂತು.

ಚಿತ್ರದ ಪ್ರಮುಖರಲ್ಲಿ ಕ್ಯಾರಡೀನ್ 2009ರಲ್ಲಿ, ಮೆಂಕಿ 2010ರಲ್ಲಿ, ಚೀಬಾ 2021ರಲ್ಲಿ, ಬಡ್ ಪಾತ್ರದ ಮೈಕಲ್ ಮ್ಯಾಡ್ಸನ್ 2025ರಲ್ಲಿ ನಿಧನರಾದರು.